ಆವರಿಗುಡ್ಡದ ಕಲ್ಲಿಗೆ ಒಂದೇ ಮಗ್ಗುಲ ಸುಣ್ಣ

ಬಹಳ ಹಿಂದೆ, ಗುಡ್ಡಗಳು ಕಾಲು ಮಡಚಿ ಒಂದೇ ಕಡೆ ಕೂರುವುದನ್ನು ಇನ್ನೂ ಕಲಿಯದಿದ್ದ ಕಾಲದಲ್ಲಿ, ಒಬ್ಬ ಮುದುಕಿ ಇದ್ದಳಂತೆ. ಅವಳ ಮಗಳನ್ನು ಗುಡ್ಡದಾಚೆಯ ಊರಿಗೆ ಕೊಟ್ಟಿತ್ತು. ಮುದುಕಿ ದಿನಾ ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ನಿಂತು, 'ಗುಡ್ಡಪ್ಪಾ, ಒಂಚೂರು ಸರೀ, ಮಗಳ ಮನೆಯ ಒಲೆಯ ಹೊಗೆ ಕಾಣಲಿ' ಎಂದು ಬೇಡುತ್ತಿದ್ದಳು. ಗುಡ್ಡಕ್ಕೆ ಕನಿಕರ ಹುಟ್ಟಿತು. ಒಂದು ಹುಣ್ಣಿಮೆಯಂದು ಮೈಮೇಲಿನ ದನಕರು, ಮುಳ್ಳುಕಂಟಿಗಳ ಸಮೇತ ಎದ್ದು ಪಕ್ಕಕ್ಕೆ ಸರಿದು ಕುಳಿತಿತು. ಈ ಕತೆ ಹೇಳುತ್ತಿದ್ದ ನಮ್ಮಜ್ಜಿ ಅದನ್ನು ಅಲ್ಲಿಗೆ ಮುಗಿಸಿ ಹೊದಿಕೆ ಎಳೆದುಕೊಳ್ಳುತ್ತಿದ್ದಳು. ಆದರೆ ಆ ಮುದುಕಿಯ ಮನೆಯಲ್ಲಿ ಸೊಸೆಯೊಬ್ಬಳೂ ಇದ್ದಿರಬೇಕಲ್ಲ? ಮಗಳಿಗಾಗಿ ಗುಡ್ಡವೇ ಸರಿದ ಆ ಬೆಳಿಗ್ಗೆ, ಅಂಗಳಕ್ಕೆ ನೀರು ಹಾಕುತ್ತಿದ್ದ ಸೊಸೆಗೆ ಏನನ್ನಿಸಿತು? ಅದನ್ನು ಯಾವ ಅಜ್ಜಿಯೂ ಹೇಳಿಲ್ಲ.

ಅಂಥ ಸೊಸೆಯೊಬ್ಬಳನ್ನು ನೋಡಬೇಕೆಂದರೆ ಚಿಕ್ಕೋಡಿಯ ಪಡುವಣ ಅಂಚಿಗೆ ಬರಬೇಕು, ಅದೂ ಬೆಳಕು ಹರಿಯುವ ಹೊತ್ತಿಗೆ. ಅಲ್ಲಿ ಆವರಿಗುಡ್ಡವಿದೆ. ಮಳೆ ಮುಗಿಯುತ್ತಲೇ ಮೈತುಂಬ ಹಳದಿ ಆವರಿ ಹೂ ಹೊದ್ದುಕೊಳ್ಳುವ, ಯಾರಿಗಾಗಿಯೂ ಸರಿಯದ ಗುಡ್ಡ. ಅದರ ಬುಡದ ಮೊದಲ ತಿರುವಿನಲ್ಲಿ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸೊಬ್ಬಳು ಕುಕ್ಕರಗಾಲಲ್ಲಿ ಕೂತು ಕಲ್ಲಿಗೆ ಸುಣ್ಣ ಬಳಿಯುತ್ತಿದ್ದಾಳೆ. ಪಕ್ಕದಲ್ಲಿ ಡಾಲ್ಡಾ ಡಬ್ಬಿ, ಕೈಯಲ್ಲಿ ಕತ್ತಾಳಿ ಕಡ್ಡಿಯ ತುದಿ ಜಜ್ಜಿ ತಾನೇ ಮಾಡಿಕೊಂಡ ಕುಂಚ. ಹೆಸರು ಲಕ್ಕವ್ವ. ವಯಸ್ಸು ಅರವತ್ತರ ಆಸುಪಾಸು. ಈ ಕಾಲುದಾರಿಯ ಮುಳ್ಳು ಕಡಿಯುವುದು, ಮಳೆಗೆ ಜರಿದ ಅಂಚಿಗೆ ಕಲ್ಲು ಕೂಡಿಸುವುದು, ತಿರುವು ತಿರುವಿನ ಕಲ್ಲನ್ನು ಬೆಳ್ಳಗಿಡುವುದು, ಇದಿಷ್ಟೂ ಅವಳದೇ ಕೆಲಸ. ಹೇಳಿದವರಿಲ್ಲ, ಕೇಳಿದವರಿಲ್ಲ.

ಹತ್ತಿರ ಹೋಗಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಸುಣ್ಣ ಇರುವುದು ಕಲ್ಲಿನ ಒಂದೇ ಮಗ್ಗುಲಿಗೆ. ಕೆಳಗಿನಿಂದ ಏರುವವರಿಗೆ ಕಾಣುವ ಮೋರೆ ಬೆಳ್ಳಗೆ ಹೊಳೆಯುತ್ತದೆ. ಮೇಲಿನಿಂದ ಇಳಿಯುವವರ ಕಡೆಗಿರುವ ಬೆನ್ನು ಬೋಳು. ಯಾಕೆ ಎಂದು ಕೇಳಿದರೆ ಲಕ್ಕವ್ವ ಕುಂಚ ನಿಲ್ಲಿಸದೆಯೇ ಹೇಳುತ್ತಾಳೆ.

"ನನ್ನ ದಾರೀಲೆ ಹತ್ತಿದವರಿಗೆ ಇಳಿಯಾಕ ನನ್ನ ದಾರಿ ಗೊತ್ತಿರತೈತ್ರಿ. ಗೊತ್ತಿಲ್ಲದವರು ಅಂದ್ರ ಯಾರು? ಆ ಕಡಿಂದ ಬಂದವರು. ಅವರಿಗೆ ಯಾಕ ನಾ ದಾರಿ ತೋರಸ್ಲಿ?"

'ಆ ಕಡೆ' ಎನ್ನುವಾಗ ಅವಳ ಕೆಳದುಟಿ ತಾನಾಗಿ ಮುಂದಕ್ಕೆ ಬರುತ್ತದೆ. ಆ ಕಡೆ ಎಂದರೆ ಗುಡ್ಡದಾಚೆಯ ತೋರಣವಾಡಿ. ಅಲ್ಲಿಂದಲೂ ಗುಡ್ಡದ ನೆತ್ತಿಗೆ ಇಂಥದೇ ಒಂದು ಕಾಲುದಾರಿ ಏರುತ್ತದೆ. ಅದನ್ನು ಕಾಯುವವಳು ಕಾಳವ್ವ. ಲಕ್ಕವ್ವನ ಗಂಡ ಧರೆಪ್ಪನ ತಂಗಿ. ಅವಳ ಕಲ್ಲುಗಳಿಗೂ ಒಂದೇ ಮಗ್ಗುಲ ಸುಣ್ಣ.

ಎರಡು ದಾರಿಗಳ ಮೂಲ ಒಬ್ಬಳೇ. ಧರೆಪ್ಪನ, ಕಾಳವ್ವನ ತಾಯಿ ಸಾವಿತ್ರೆವ್ವ. ಮಗಳನ್ನು ತೋರಣವಾಡಿಗೆ ಕೊಟ್ಟ ಮೇಲೆ ಅವಳಿಗೆ ಗುಡ್ಡ ಕಣ್ಣಿಗೆ ಚುಚ್ಚತೊಡಗಿತು. ಬಸ್ಸು ಹಿಡಿದರೆ ನಿಪ್ಪಾಣಿ ರಸ್ತೆ ಸುತ್ತಿ, ರಸ್ತೆ ಕವಲೊಡೆಯುವ ಫಾಟಾದಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ಕಾದು, ಮಗಳ ಮನೆ ಮುಟ್ಟುವಾಗ ಊಟದ ಹೊತ್ತು ಮೀರಿರುತ್ತಿತ್ತು. ಎಂಬತ್ತೆರಡನೇ ಇಸವಿಯಲ್ಲೋ ಎಂಬತ್ತಮೂರರಲ್ಲೋ ಒಂದು ದಿನ ಅವಳು ಗುದ್ದಲಿ ಹೊತ್ತು ಹಿತ್ತಲಿಂದಲೇ ಗುಡ್ಡ ಏರಿದಳು. ಸೊಸೆಯನ್ನೂ ಕರೆದಳು. ಆ ಕಡೆಯಿಂದ ಮಗಳಿಗೂ ಹೇಳಿ ಕಳಿಸಿದಳು, ನೀನೂ ಕಡಿಯುತ್ತಾ ಬಾ ಎಂದು. ಒಂದು ಕಟ್ಟಳೆಯನ್ನೂ ಮಾಡಿದಳು: ಗುಡ್ಡ ಏರುವವರು ಬರಿಗೈಯಲ್ಲಿ ಏರಬಾರದು, ಬುಡದಿಂದ ಒಂದು ಕಲ್ಲು ಹೊತ್ತು ತಂದು ಮೇಲಿನ ಕಲ್ಲುರಾಶಿಗೆ, ಅಂದರೆ ಗುಂಪಿಗೆ ಹಾಕಬೇಕು. ಅಂಚು ಜರಿದಲ್ಲಿ ಆ ಕಲ್ಲೇ ಆಸರೆ.

ವರ್ಷಗಟ್ಟಲೆ ಕಡಿದ ಮೇಲೆ ಎರಡು ದಾರಿಗಳೂ ನೆತ್ತಿ ಮುಟ್ಟಿದವು. ನಡುವೆ ಒಂದು ಬಿರುಕು ಮಾತ್ರ ಉಳಿಯಿತು. ಬಾಗಿಲು ಮಲಗಿಸಿದರೆ ಮುಚ್ಚುವಷ್ಟು ಅಗಲದ, ಆಳೆತ್ತರದ ಕೊರಕಲು. ಅದರ ಮೇಲೆ ಹಾಸಲೆಂದು ಸಾವಿತ್ರೆವ್ವ ಒಂದು ಚಪ್ಪಡಿಯನ್ನು ಗುರುತಿಸಿ, ಸೊಸೆ, ಮಗಳ ಕೈ ಕೂಡಿಸಿ ಅಂಚಿನ ಸಮೀಪಕ್ಕೆ ಸರಿಸಿಯೂ ಇಟ್ಟಿದ್ದಳು. ಅಷ್ಟರಲ್ಲಿ ಅವಳ ಮೊಣಕಾಲು ಸೋತವು. ತೀರಿಕೊಳ್ಳುವ ವರ್ಷದ ಉಗಾದಿಗೆ ಸೊಸೆಯ ಕೈ, ಮಗಳ ಕೈ ಎರಡನ್ನೂ ತನ್ನ ಕೈಯೊಳಗಿಟ್ಟುಕೊಂಡು ಮಾತು ತೆಗೆದುಕೊಂಡಳು: "ಎರಡೂ ದಾರಿ ಕೂಡಸ್ರಿ. ಹೋಗಾಕೂ ಬರಬೇಕು, ಬರಾಕೂ ಬರಬೇಕು."

ಇಬ್ಬರೂ ಹೂಂ ಅಂದರು. ಆ ಶ್ರಾವಣದಲ್ಲಿ ಸಾವಿತ್ರೆವ್ವ ಹೋದಳು. ಐದು ವರ್ಷವಾಯಿತು. ಚಪ್ಪಡಿ ಇದ್ದಲ್ಲೇ ಇದೆ. ಒಬ್ಬರಿಂದ ಅದು ಅಲುಗುವುದಿಲ್ಲ. ಕೊರಕಲಿನ ಈ ದಂಡೆಯನ್ನು ಲಕ್ಕವ್ವ ಗುಡಿಸುತ್ತಾಳೆ, ಆ ದಂಡೆಯನ್ನು ಕಾಳವ್ವ ಗುಡಿಸುತ್ತಾಳೆ. ಎದುರಾದರೆ ಒಬ್ಬಳು ಮೂಡಣಕ್ಕೆ, ಇನ್ನೊಬ್ಬಳು ಪಡುವಣಕ್ಕೆ ಮೋರೆ ತಿರುಗಿಸುತ್ತಾರೆ.

ಲಕ್ಕವ್ವನ ಲೆಕ್ಕ ನೇರವಾದದ್ದು. "ನಾ ಬೆವರ ಸುರಿಸಿದ್ದು ಯಾಕ್ರಿ? ಅತ್ತಿ ಮಗಳ ಮನಿಗಿ ಹೋಗಾಕ. ನನ್ನ ತವರಮನಿಗಿ ಯಾರರ ಒಂದ ಹುಲ್ಲಕಡ್ಡಿ ಸರಿಸ್ಯಾರೇನ? ಉಣಿಸಿದಾಕಿ ನಾನು, ಎತ್ತಿ ಮಲಗಿಸಿದಾಕಿ ನಾನು. ಕಡೀ ಗುಟುಕ ನೀರ ಕುಡಿಸಿದ ಕೈ ನಂದು. ನೀರ ಇಳೀತು, ಕಣ್ಣ ತಗದ್ಲು. ನಾ ಅಂದ್ಕೊಂಡೆ, ಈಗ 'ಲಕ್ಕಿ' ಅಂತಾಳ ಅಂತ. ಏನಂದ್ಲು ಗೊತ್ತೈತ್ರಿ? 'ಕಾಳಿ ಬಂದ್ಲೇನ?'"

ಕುಂಚವನ್ನು ಕಲ್ಲಿಗೆ ಪಟ್ಟೆಂದು ಬಡಿಯುತ್ತಾಳೆ. ಸುಣ್ಣ ಮೋರೆಗೆ ಸಿಡಿಯುತ್ತದೆ. ಒರೆಸಿಕೊಳ್ಳುವುದಿಲ್ಲ.

ಬೆಳಕು ಬಿದ್ದಂತೆ ಊರಿನ ಮಂದಿ ಬರತೊಡಗುತ್ತಾರೆ. ಕೆಲವು ವರ್ಷಗಳಿಂದ ಆವರಿಗುಡ್ಡ ಏರುವುದು ಚಿಕ್ಕೋಡಿಯಲ್ಲಿ ರೂಢಿಯಾಗಿದೆ. ಕ್ಯಾನ್ವಾಸ್ ಬೂಟಿನ ವಕೀಲರು, ಮಫ್ಲರ್ ಸುತ್ತಿದ ಮಾಸ್ತರರು, ರವಿವಾರ ಬುತ್ತಿ ಕಟ್ಟಿಕೊಂಡು ಬರುವ ಕಾಲೇಜು ಹುಡುಗಿಯರು. ಕಬ್ಬಿನ ಸೀಮೆಯಲ್ಲಿ ಸಕ್ಕರೆ ಕಾಯಿಲೆ ಬಂತೆಂದು ಡಾಕ್ಟರರು ನಡೆಯಲು ಹಚ್ಚಿದವರೇ ಹೆಚ್ಚು. ಅವರ ಪೈಕಿ ಅರಿವೆ ಅಂಗಡಿಯ ಪಾರಿಸ ಒಬ್ಬ. ಲಕ್ಕವ್ವನ ಹೊಟ್ಟೆಯಲ್ಲಿ ಬೂದಿ ಮುಚ್ಚಿದ್ದ ಕೆಂಡವನ್ನು ಊದಿದ ಪುಣ್ಯಾತ್ಮ ಇವನೇ. ಒಂದು ದಿನ ಕೊರಕಲಿನೊಳಗೆ ಇಳಿದು, ಮೊಣಕಾಲು ತರಚಿಕೊಂಡು ಆ ದಂಡೆ ಹತ್ತಿ, ಸ್ವಲ್ಪ ದೂರ ಹೋಗಿ ಬಂದವನು ಸುಮ್ಮನಿರಬಾರದೇ?

"ಲಕ್ಕವ್ವಾ, ಆ ಕಡೆ ದಾರಿ ಏನ ಚಂದ ಐತ್ರಿ! ದೂಧಗಂಗಾ ಹೊಳಿ ಬೆಳ್ಳಿ ಉಡದಾರ ಇದ್ದಂಗ ಕಾಣಸ್ತೈತಿ. ಅದರಾಚೆ ನೀಲಿ ನೀಲಿ ಘಟ್ಟ."

"ಈ ಕಡೆ ಏನ ಕಾಣಸ್ತೈತ್ರಿ ಪಾರಿಸಣ್ಣ?"

"ಈ ಕಡೆ..." ಪಾರಿಸ ತಿರುಗಿ ನೋಡಿದ. ಕಬ್ಬಿನ ಗದ್ದೆ, ಬಸ್ ಸ್ಟ್ಯಾಂಡು, ದೂರದಲ್ಲಿ ಕಾರಖಾನೆಯ ಚಿಮಣಿ. "ಈ ಕಡೆ ನಮ್ಮ ಅಂಗಡಿ ಕಾಣಸ್ತೈತಿ."

ಅವತ್ತಿನಿಂದ ಲಕ್ಕವ್ವನ ಮಜ್ಜಿಗೆಗೆ ಕಟ್ಟಳೆ ಬಂದಿದೆ. ಗುಡ್ಡ ಇಳಿದು ಬಂದವರಿಗೆ ಅವಳು ಹಿತ್ತಲಲ್ಲಿ ಒಂದು ಲೋಟ ಮಜ್ಜಿಗೆ ಕೊಡುವುದುಂಟು. ಕೊಡುವ ಮೊದಲು ಧೋತರದ ಅಂಚು, ಲಂಗದ ಅಂಚು ನೋಡುತ್ತಾಳೆ. ಅಲ್ಲಿ ಉತ್ತರಾಣಿ ಬೀಜ ಕಚ್ಚಿಕೊಂಡಿದ್ದರೆ ಲೋಟ ಒಳಗೇ ಉಳಿಯುತ್ತದೆ. ಉತ್ತರಾಣಿ ಬೆಳೆಯುವುದು ಪಡುವಣ ಇಳಿಜಾರಿನಲ್ಲಿ ಮಾತ್ರ. ಪಾರಿಸ ಈಗ ಕೊರಕಲು ದಾಟಿ ಬಂದ ದಿನ ಬಂಡೆಯ ಮೇಲೆ ಕೂತು ಒಂದೊಂದೇ ಬೀಜ ಕಿತ್ತು, ಧೋತರ ಜಾಡಿಸಿ ಇಳಿಯುತ್ತಾನೆ. "ಮನ್ಯಾಗ ಹೆಂಡತಿಗೂ ಇಷ್ಟ ಅಂಜಂಗಿಲ್ಲ ನಾ" ಎನ್ನುತ್ತಾನೆ.

ಬುಡದಲ್ಲಿ ಚಹಾದ ಗೂಡಂಗಡಿ ಇಟ್ಟು, ಜೊತೆಗೆ ಸುಣ್ಣವನ್ನೂ ಮಾರುವ ನಬಿಸಾಬನಿಗೆ ಈ ಜಗಳ ರೇಡಿಯೊ ಇದ್ದಂತೆ. ಆಚೆಯ ಊರಿನ ಸಂತೆಗೂ ಸುಣ್ಣ ಒಯ್ಯುವವನಾದ್ದರಿಂದ ಎರಡೂ ಕಡೆಯ ಸುದ್ದಿ ಅವನಲ್ಲಿ ತಾಜಾ ಇರುತ್ತದೆ. "ಈಕಿ ಕೇಳತಾಳ, 'ಆಕಿ ಎಷ್ಟ ಸುಣ್ಣ ಒಯ್ದ್ಲು?' ಅಲ್ಲಿ ಹೋದ್ರ ಆಕಿ ಕೇಳತಾಳ, 'ವೈನಿ ಎಷ್ಟ ಒಯ್ದ್ಲು?' ನಾ ಇಬ್ಬರಿಗೂ 'ನಿನಗಿಂತ ಒಂದ ಬುಟ್ಟಿ ಹೆಚ್ಚ' ಅಂತೇನಿ. ಹಿಂಗ ಗುಡ್ಡ ಬೆಳ್ಳಗ ಆಗೇತಿ ನೋಡ್ರಿ."

ಧರೆಪ್ಪನನ್ನು ಮಾತಿಗೆಳೆದರೆ ಅವನು ತಂಬಾಕು ತಿಕ್ಕುತ್ತಾ ಕೂರುತ್ತಾನೆ. "ಒಬ್ಬಾಕಿ ಹೆಂಡತಿ, ಒಬ್ಬಾಕಿ ತಂಗಿ. ನಡುವ ನಾನ ಆವರಿಗುಡ್ಡ. ಸರಿಯಂಗಿಲ್ಲ, ಮಾತಾಡಂಗಿಲ್ಲ."

ತೋರಣವಾಡಿಗೆ ಬಸ್ಸಿನಲ್ಲೇ ಹೋಗಬೇಕು. ಕಾಳವ್ವನ ಮನೆ ಗುಡ್ಡಕ್ಕೆ ಆತುಕೊಂಡಿದೆ. ಐವತ್ತು ದಾಟಿದ ಸಣಕಲು ಹೆಂಗಸು, ಮಾತು ಮಾತ್ರ ಗಟ್ಟಿ. ಅವಳ ಕಡೆ ದಾರಿ ನಿಜಕ್ಕೂ ಚಂದ. ಪ್ರತಿ ತಿರುವಿಗೂ ಹೊಳೆ ಒಮ್ಮೆ ಅಡಗಿ ಒಮ್ಮೆ ಇಣುಕುತ್ತದೆ, ಸಂಜೆಯಾದರೆ ಘಟ್ಟದ ಸಾಲು ಒಂದರ ಹಿಂದೊಂದು ಬಣ್ಣ ಬದಲಿಸುತ್ತದೆ. ಆದರೆ ಕಾಳವ್ವನಿಗೆ ಅದರಿಂದ ಸಮಾಧಾನವಿಲ್ಲ. ಅವಳ ಕಣ್ಣೆಲ್ಲ ಮೂಡಣದ ಕಡೆಗೆ, ತನ್ನ ವೈನಿಯ, ಅಂದರೆ ಅತ್ತಿಗೆಯ ದಾರಿಯ ಕಡೆಗೆ.

"ಆ ಕಡೆ ಊರ ದೊಡ್ಡದು. ದಿನಾ ಮಂದಿ ಹತ್ತತಾರ. ವೈನಿ ಕಲ್ಲಿನ ಗುಂಪಿ ಇಲ್ಲಿಂದ ನೋಡಿದ್ರ ಗ್ವಾಡಿ ಕಂಡಂಗ ಕಾಣಸ್ತೈತ್ರಿ. ನನ್ನ ಗುಂಪಿ ನೋಡ್ರಿ, ಕೋಳಿ ಕೂತಂಗ ಐತಿ. ಆಕಿ ಕತ್ತಲಿದ್ದಾಗ ತಾನ ಕಲ್ಲ ಹೊತ್ತ ಹಾಕತಾಳಂತ. ನಬಿಸಾಬ ಹೇಳ್ಯಾನ." ಸ್ವಲ್ಪ ತಡೆದು ಸೇರಿಸುತ್ತಾಳೆ, "ನಾನೂ ಹಾಕತೇನ್ರಿ. ಆದ್ರ ನನ್ನ ಬೆನ್ನಾಗ ಅಷ್ಟ ಬಲ ಇಲ್ಲ."

ಅವಳ ಹೊಟ್ಟೆಯ ಉರಿಯೂ ಅದೇ ಶ್ರಾವಣದ್ದು. "ಅವ್ವಗ ಜಾಸ್ತಿ ಆಗೇತಿ ಅಂತ ಸುದ್ದಿ ಬಂತು. ಬಸ್ ಹಿಡದೆ. ಫಾಟಾದಾಗ ಇನ್ನೊಂದ ಬಸ್ ಬರಲೇ ಇಲ್ಲ. ಎದುರಿಗೆ ಗುಡ್ಡ, ಗುಡ್ಡದ ಹಿಂದ ಅವ್ವ. ಹೋಗಿ ಮುಟ್ಟೂದ್ರಾಗ ಎಲ್ಲಾ ಮುಗದಿತ್ತು. ವೈನಿ ಮಗ್ಗಲದಾಗ ಕುಂತಿದ್ಲು, ಅವ್ವನ ತಲಿ ಆಕಿ ತೊಡಿ ಮ್ಯಾಲ. ನನ್ನವ್ವನ ಕಡೀ ಉಸರನೂ ಆಕಿನ ಇಟ್ಕೊಂಡ್ಲು. ಏನಂದ್ಲು, ಏನಿಲ್ಲ, ಒಂದ ಮಾತ ನನಗ ಹೇಳಿಲ್ಲ."

ಸಾಯುವಾಗ ತಾಯಿ ಕರೆದದ್ದು ತನ್ನ ಹೆಸರನ್ನೇ ಎಂಬುದು ಕಾಳವ್ವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ಅವಳ ಮುಂದೆ ಬಾಯಿ ಬಿಟ್ಟಿರಲಿಲ್ಲ. ಒಬ್ಬಳಿಗೆ ತೊಡೆಯ ಮೇಲಿನ ತಲೆ ಸಿಕ್ಕಿತ್ತು, ಇನ್ನೊಬ್ಬಳಿಗೆ ಹೆಸರು ಸಿಕ್ಕಿತ್ತು. ತನಗೆ ಸಿಗದ್ದನ್ನೇ ನೆನೆದು ಇಬ್ಬರೂ ಐದು ವರ್ಷ ಕಲ್ಲಿಗೆ ಸುಣ್ಣ ಬಳಿದರು.

ಇದೆಲ್ಲ ಈ ಶ್ರಾವಣಕ್ಕೆ ಮೊದಲಿನ ಮಾತು. ಈ ಶ್ರಾವಣದಲ್ಲಿ ನಡೆದದ್ದನ್ನು ಇಬ್ಬರೂ ಬೇರೆ ಬೇರೆ ರಾಗದಲ್ಲಿ ಹೇಳುತ್ತಾರೆ, ಸಂಗತಿ ಮಾತ್ರ ಒಂದೇ. ಸಾವಿತ್ರೆವ್ವ ತೀರಿದ ದಿನದ ಪೂಜೆಗೆ ಕಾಳವ್ವ ಪ್ರತಿ ವರ್ಷ ಬಸ್ಸಿನಲ್ಲಿ ಬಂದು, ಅವ್ವನನ್ನು ಮಣ್ಣು ಮಾಡಿದ ಹೊಲದಂಚಿನ ಗದ್ದುಗೆಗೆ ಹೋಳಿಗೆ ಎಡೆ ಇಟ್ಟು, ಅಣ್ಣನ ಜೊತೆ ಎರಡು ಮಾತಾಡಿ, ವೈನಿಯ ಜೊತೆ ಆಡದೆ ಹೊರಟುಬಿಡುತ್ತಾಳೆ. ಈ ಸಲ ಹಳ್ಳ ಬಂದು ರಸ್ತೆ ಮುಳುಗಿತ್ತು, ಬಸ್ಸಿಲ್ಲ. ಮತ್ತೊಮ್ಮೆ ಫಾಟಾದಲ್ಲಿ ನಿಲ್ಲುವ ಮನಸ್ಸಾಗದೆ ಅವಳು ಹೋಳಿಗೆಯ ಗಂಟು ತಲೆಗಿಟ್ಟು ಗುಡ್ಡ ಏರಿದಳು. ಕೊರಕಲಿಗೆ ಇಳಿದು ಹತ್ತಿದಳು. ಆಮೇಲೆ ಮಂಜು ಕವಿಯಿತು.

"ಎಲ್ಲಾ ಕಡೆ ಹತ್ತಿ ಹಿಂಜಿ ಹಾರಿಸಿದಂಗ. ಒಂದ ಕಲ್ಲ ಸಿಗತೈತಿ, ಕರ್ರಗ. ಇನ್ನೊಂದ ಸಿಗತೈತಿ, ಅದೂ ಕರ್ರಗ. ಯಾವುದು ದಾರಿ ಕಲ್ಲ, ಯಾವುದು ಗುಡ್ಡದ ಕಲ್ಲ, ಏನ ತಿಳೀತೈತ್ರಿ? ಅಲ್ಲೇ ಒಂದ ಕಂಟಿ ಬುಡಕ ಕುಂತಬಿಟ್ಟೆ."

ಕೆಳಗೆ ಹಿತ್ತಲಲ್ಲಿ ಎಡೆಯ ತಾಟು ಹಿಡಿದು ನಿಂತಿದ್ದ ಲಕ್ಕವ್ವ, ತನ್ನ ನಾದಿನಿ ಇನ್ನೂ ಬಂದಿಲ್ಲವೆಂದು ಒಳಗೊಳಗೇ ಖುಷಿಪಟ್ಟಳಂತೆ. "ಖರೇ ಹೇಳತೇನ್ರಿ, ಖುಷಿ ಆತು. ಈ ವರ್ಷ ಅತ್ತಿ ನನ್ನ ಎಡಿ ಅಷ್ಟ ಉಣ್ಣಲಿ ಅಂದೆ." ಹೊತ್ತು ಏರಿತು. ಧರೆಪ್ಪ ಮೂರು ಸಲ ಹೊರಗೆ ಬಂದು ಗುಡ್ಡ ನೋಡಿ ಒಳಗೆ ಹೋದ. ಮಾತಾಡದ ಗಂಡಸು ಕೊನೆಗೆ ಒಂದೇ ಮಾತು ಕೇಳಿದ: "ಕಾಳಿ ಬಂದ್ಲೇನ?"

ಅದೇ ಮಾತು. ಅದೇ ಶ್ರಾವಣ. ಲಕ್ಕವ್ವ ತಾಟು ಕೆಳಗಿಟ್ಟು, ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಗುಡ್ಡ ಹತ್ತಿದಳು. ಕೂಗುತ್ತಾ ಹೋದಳು. ಮಂಜಿನೊಳಗಿಂದ ಉತ್ತರ ಬಂತು.

"ಸತ್ತಿಲ್ಲ ವೈನಿ, ಕೂಗಬ್ಯಾಡ."

"ದಾರಿ ಬಿಟ್ಟ ಇಲ್ಯಾಕ ಬಂದಿ? ಕಣ್ಣ ಎಲ್ಲಿ ಇಟ್ಟಿದ್ದಿ?"

"ಎಲ್ಲಿ ಐತಿ ದಾರಿ? ಒಂದ ಕಲ್ಲಿಗರ ಬೆನ್ನಿಗೆ ಸುಣ್ಣ ಐತೇನ? ಹೊಟ್ಟಿಕಿಚ್ಚಿನಾಕಿ!"

"ನಿನ್ನ ಕಲ್ಲಿಗೆ ಐತೇನ?"

ಕಾಳವ್ವ ಹೋಳಿಗೆಯ ಗಂಟನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ, "ಇಲ್ಲ" ಅಂದಳು.

ಇಬ್ಬರೂ ಆ ಕಂಟಿಯ ಬುಡದಲ್ಲಿ ಒಂದೇ ಕೊಪ್ಪೆಯೊಳಗೆ ತಲೆ ತೂರಿಸಿ ಕೂತರಂತೆ. ಹೋಳಿಗೆ ನೆನೆದಿತ್ತು. ಮಂಜು ಕರಗುವುದನ್ನು ಕಾಯುತ್ತಾ, ಗುಡ್ಡದ ಕಡೆಗೇ ಮೋರೆ ಮಾಡಿಕೊಂಡು, ಲಕ್ಕವ್ವ ಐದು ವರ್ಷ ನಾದಿನಿಯಿಂದ ಮುಚ್ಚಿಟ್ಟಿದ್ದ ಆ ಮಾತನ್ನು ಹೇಳಿದಳು. "ನೀರ ನನ್ನ ಕೈಲೆ ಕುಡದ್ಲು, ಹೆಸರ ನಿಂದ ಹಿಡದ್ಲು. ತಗೋ, ನಿನ್ನ ಗಂಟು ನನ್ನ ಹಂತ್ಯಾಕ ಇತ್ತು." ಕಾಳವ್ವ ಅತ್ತಳೇ ಎಂದು ಕೇಳಿದರೆ ಇಬ್ಬರೂ ಮಳೆಯ ಮೇಲೆ ಹಾಕುತ್ತಾರೆ.

ಹಾಗೆಂದು ರಾಜಿಯಾಯಿತೆಂದು ತಿಳಿಯಬಾರದು. ಸಾವಿತ್ರೆವ್ವನಿಗೆ ಕೊಟ್ಟ ಮಾತು ನಡೆಸುವುದೆಂದು ಒಪ್ಪಿದರು, ಅಷ್ಟೇ. ದಸರೆ ಕಳೆದು ಆವರಿ ಹೂಬಿಟ್ಟ ವಾರದಲ್ಲಿ ನಬಿಸಾಬನ ಕಬ್ಬಿಣದ ಹಾರೆ ಗುಡ್ಡ ಏರುತ್ತದೆ. ನಬಿಸಾಬನೂ ಏರುತ್ತಾನೆ, ಆದರೆ ಬಂಡೆಯ ಮೇಲೆ ಕೂತು ಬೀಡಿ ಹಚ್ಚುತ್ತಾನೆ. "ನಾ ಕೈ ಹಚ್ಚಂಗಿಲ್ಲ. ನಾಳಿ ಇಬ್ಬರೂ ಕೂಡಿ 'ನಬಿಸಾಬ ಮಾಡ್ಯಾನ' ಅಂತೀರಿ."

ಚಪ್ಪಡಿಯ ಕೆಳಗೆ ಹಾರೆಯ ತುದಿ ಹೊಕ್ಕಿದೆ. ಅತ್ತಿಗೆ ಹಾರೆಯನ್ನು ಮೀಟುತ್ತಾಳೆ, ನಾದಿನಿ ಸಂದಿಗೆ ಕಲ್ಲು ತೂರಿಸುತ್ತಾಳೆ. ಕಲ್ಲು ಲಕ್ಕವ್ವನ ಗುಂಪಿಯದೋ ಕಾಳವ್ವನ ಗುಂಪಿಯದೋ ಎಂಬುದಕ್ಕೆ ಅಲ್ಲೂ ಒಂದು ಸುತ್ತು ವಾದ. ಗೇಣು ಗೇಣಾಗಿ ಸರಿದ ಚಪ್ಪಡಿ, ಬಿಸಿಲೇರುವ ಹೊತ್ತಿಗೆ ತಾನೇ ಮನಸ್ಸು ಮಾಡಿದಂತೆ ಜಾರಿ, ಧಡ್ ಎಂದು ಕೊರಕಲಿನ ಆಚೆ ದಂಡೆಗೆ ತಲೆ ಆನಿಸುತ್ತದೆ. ಧೂಳು ಏಳುತ್ತದೆ. ಲಕ್ಕವ್ವ ಅದರ ಮೇಲೆ ನಿಂತು ಕಾಲು ಬಡಿಯುತ್ತಾಳೆ. ಅಲುಗುವುದಿಲ್ಲ.

ಇನ್ನು ಕಲ್ಲುಗಳ ಬೆನ್ನು. ಕೆಳಗೆ ಕೂತು ಬಳಿಯುವವರಿಗೆ, ಅದು ಮೇಲಿನ ತಿರುವಿನಿಂದ ಕಾಣುತ್ತದೋ ಇಲ್ಲವೋ ತಿಳಿಯುವುದಿಲ್ಲ. ಮೇಲೆ ನಿಂತು ನೋಡಿ ಹೇಳಲು ಇನ್ನೊಬ್ಬಳು ಬೇಕೇ ಬೇಕು. ಮೊದಲು ಪಡುವಣ ದಾರಿ ಮುಗಿಯುತ್ತದೆ. ಕಾಳವ್ವ ಬಳಿಯುತ್ತಾ ಇಳಿಯುತ್ತಾಳೆ, ಲಕ್ಕವ್ವ ಮೇಲೆ ನಿಂತು ನೋಡುತ್ತಾ ಇಳಿಯುತ್ತಾಳೆ. ಮೊದಲ ಸಲ ಆ ಇಳಿಜಾರು ಕಂಡವಳು ಸಂಜೆ ತೋರಣವಾಡಿ ಕಡೆಯ ಬುಡದಲ್ಲಿ ಪಡುವಣಕ್ಕೆ ಮೋರೆ ಮಾಡಿ ನಿಲ್ಲುತ್ತಾಳೆ. ಹೊಳೆಯ ಮೇಲೆ ಬಂಗಾರ, ಘಟ್ಟದ ಮೇಲೆ ನೇರಳೆ.

"ಹೆಂಗೈತಿ ವೈನಿ?"

"ಚಂದ ಐತಿ. ಅದಕ್ಕ ಹೊಟ್ಟಿ ಉರೀತೈತಿ."

ಆ ರಾತ್ರಿ ಅವಳು ನಾದಿನಿಯ ಮನೆಯಲ್ಲೇ ಉಳಿಯುತ್ತಾಳೆ. ಬೆಳಗಿನ ಜಾವ ಇಬ್ಬರೂ ನೆತ್ತಿ ಏರಿ, ಚಪ್ಪಡಿ ದಾಟಿ ಮೂಡಣ ದಾರಿಗೆ ಬರುತ್ತಾರೆ. ಈಗ ಕುಂಚ ಲಕ್ಕವ್ವನ ಕೈಯಲ್ಲಿ. ಗುಡ್ಡದ ತುಂಬ ಕೂಗು.

"ಕಾಣಸ್ತೈತೇನ?"

"ಕಾಣಸವಲ್ದು."

"ಕಣ್ಣ ತಗದ ನೋಡ!"

"ತಗದೇನಿ. ಆವರಿ ಟೊಂಗಿ ಅಡ್ಡ ಬಂದೈತಿ, ಕಡಿ."

ಟೊಂಗೆ ಕಡಿಯುತ್ತಾಳೆ. ಕಾಣಿಸುತ್ತದೆ. ಮುಂದಿನ ಕಲ್ಲು. ಎದುರಿಗೆ ಕೆಂಪು ಸೂರ್ಯ ಕಾರಖಾನೆಯ ಚಿಮಣಿಯ ಪಕ್ಕದಲ್ಲಿ ಏಳುತ್ತಾನೆ, ಕಬ್ಬಿನ ಗದ್ದೆಯ ಇಬ್ಬನಿಗೆಲ್ಲ ಒಮ್ಮೆಲೇ ಬೆಳಕು ಹತ್ತುತ್ತದೆ. ಮೇಲಿನ ತಿರುವಿನಲ್ಲಿ ಕಾಳವ್ವ ನಿಂತುಬಿಡುತ್ತಾಳೆ.

"ಏನ ನೋಡಾಕತ್ತಿ? ಕಲ್ಲ ನೋಡ!"

"ನಿನ್ನ ಕಡೆ ಸೂರ್ಯಾ ಹುಟ್ಟೂದ ಕಾಣತೈತಲ್ಲ ವೈನಿ. ಇಲ್ಲೇ ಹುಟ್ಟಿ ಬೆಳದ್ರೂ ಗುಡ್ಡದ ಮ್ಯಾಲಿಂದ ಇದನ್ನ ನೋಡಿರಲಿಲ್ಲ." ದನಿಯಲ್ಲಿ ಅಸೂಯೆ ಸ್ಪಷ್ಟ. ಲಕ್ಕವ್ವನ ಮೋರೆ ಅರಳುತ್ತದೆ. ಪಾರಿಸನ ಮಾತಿನ ಮುಳ್ಳು ಇಷ್ಟು ದಿನದ ಮೇಲೆ ಕಿತ್ತು ಬಂದಿದೆ.

ಪಾರಿಸ ಬುಡದಲ್ಲಿ ಕಲ್ಲು ಆರಿಸುತ್ತಾ ನಿಂತಿದ್ದಾನೆ. ಅವನ ಕಣ್ಣು ಲಕ್ಕವ್ವನ ಸೀರೆಯ ಅಂಚಿಗೆ ಹೋಗುತ್ತದೆ. ಅಲ್ಲಿ ಸಾಲಾಗಿ ಉತ್ತರಾಣಿ ಬೀಜ. "ಲಕ್ಕವ್ವಾ, ಇವತ್ತ ನಿಮಗ ಮಜ್ಜಿಗಿ ಇಲ್ಲ ಬಿಡ್ರಿ" ಎನ್ನುತ್ತಾನೆ. ಅವಳು ಕುಂಚ ಎತ್ತಿ ತೋರಿಸುತ್ತಾಳೆ, ಅವನು ನಗುತ್ತಾ ಕಲ್ಲು ಹೊತ್ತು ಏರುತ್ತಾನೆ.

ಕೊನೆಯ ಕಲ್ಲು ಹಿತ್ತಲ ಬಾಗಿಲಿಗೆ ಹತ್ತಿಕೊಂಡಂತೆ ಇದೆ. ಸಾವಿತ್ರೆವ್ವ ಮೊದಲ ದಿನ ನಟ್ಟ ಕಲ್ಲು. ಡಬ್ಬಿಯ ತಳದಲ್ಲಿ ಉಳಿದ ಸುಣ್ಣವನ್ನೆಲ್ಲ ಕೆರೆದು ಲಕ್ಕವ್ವ ಅದರ ಬೆನ್ನಿಗೆ ಬಳಿಯುತ್ತಾಳೆ. ಈ ಸಲ ಕೂಗಿ ಕೇಳುವುದಿಲ್ಲ. ಡಬ್ಬಿ ಕೆಳಗಿಟ್ಟು ನೋಡುತ್ತಾ ನಿಲ್ಲುತ್ತಾಳೆ. ಮೇಲಿನಿಂದ ಕಾಳವ್ವ ಇಳಿಯುತ್ತಿದ್ದಾಳೆ. ಎಲ್ಲೂ ತಡೆಯದೆ, ಯಾರನ್ನೂ ಕೇಳದೆ, ಕಲ್ಲಿನಿಂದ ಕಲ್ಲಿಗೆ, ತವರಿನ ಹಿತ್ತಲೊಳಕ್ಕೆ.

ಲಕ್ಕವ್ವ ಒಳಗಿನಿಂದ ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ತರುತ್ತಾಳೆ. ನಾದಿನಿಯ ಕೈಗೆ ಕೊಡುವ ಮೊದಲು, ಹೊಲದಂಚಿನ ಗದ್ದುಗೆಯ ಕಡೆ ತಿರುಗಿ ದನಿ ಎತ್ತರಿಸುತ್ತಾಳೆ.

"ಅತ್ತೀ, ಬಂದ್ಲು ನೋಡ್ರಿ ನಿಮ್ಮ ಕಾಳಿ. ನನ್ನ ದಾರೀಲೆ ಬಂದ್ಲು."